ಕದಲದ ಆಂಟೆನಾ, 2700 ಉತ್ತರ

(ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ನಡೆದ ಉಪಗ್ರಹ ನ್ಯಾವಿಗೇಶನ್ ತರಬೇತಿಯ ಮೊದಲ ದಿನ ಆಡಿದ ಮಾತು. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯ ಭಾಗ ಮಾತು ಮುಗಿದ ಮೇಲೆ ನಡೆದದ್ದು.)

ಎಲ್ಲರಿಗೂ ನಮಸ್ಕಾರ.

ಈ ಕೋಣೆಗೆ ಬರುವ ಮುಂಚೆ ಟೆರೇಸ್‌ಗೆ ಹೋಗಿ ಒಂದು ರಿಸೀವರ್ ಆನ್ ಮಾಡಿ ಬಂದಿದ್ದೇನೆ. ಅಂಗೈ ಅಗಲದ ಆಂಟೆನಾ, ಒಂದು ಕೇಬಲ್, ಒಂದು ಲ್ಯಾಪ್‌ಟಾಪ್. ಅಷ್ಟೇ. ಅದು ಸೆಕೆಂಡಿಗೆ ಒಂದು ಸಲ ತಾನು ಎಲ್ಲಿದ್ದೇನೆ ಅಂತ ಬರೆದಿಡುತ್ತಿದೆ. ನನಗೆ ಕೊಟ್ಟಿರುವ ಸಮಯ 45 ನಿಮಿಷ. ಲೆಕ್ಕ ಹಾಕಿ, 2700 ಉತ್ತರ ಆಗುತ್ತದೆ. ಆಂಟೆನಾ ಒಂದು ಕೂದಲಿನಷ್ಟೂ ಕದಲುವುದಿಲ್ಲ. ಆದರೂ ಆ 2700 ಉತ್ತರಗಳು ಒಂದೇ ಇರುವುದಿಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಮೇಲೆ ಹೋಗಿ ನೋಡೋಣ.

ನಿಮ್ಮ ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ಇರುತ್ತದೆ ಅಲ್ವಾ? ಅದರ ಸುತ್ತ ಒಂದು ತಿಳಿ ನೀಲಿ ವೃತ್ತವೂ ಇರುತ್ತದೆ. ಚುಕ್ಕೆಯನ್ನು ಎಲ್ಲರೂ ನೋಡುತ್ತಾರೆ, ವೃತ್ತವನ್ನು ಯಾರೂ ನೋಡುವುದಿಲ್ಲ. ಈ ತರಬೇತಿ ಪೂರ್ತಿ ಆ ವೃತ್ತದ ಬಗ್ಗೆ. ಚುಕ್ಕೆ ಹಾಕುವ ಕೆಲಸವನ್ನು ಚಿಪ್ ಮಾಡುತ್ತದೆ, ಅದಕ್ಕೆ ನೀವು ಬೇಡ. ವೃತ್ತ ಎಷ್ಟು ದೊಡ್ಡದಿರಬೇಕು, ಯಾಕೆ ಅಷ್ಟು ದೊಡ್ಡದು, ಇವತ್ತು ಅದು ಸುಳ್ಳು ಹೇಳುತ್ತಿದೆಯಾ ಅನ್ನುವುದಕ್ಕೆ ನೀವು ಬೇಕು.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಿಬಿಡೋಣ. ಉಪಗ್ರಹಕ್ಕೆ ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲ. ನೀವು ಇದ್ದೀರಿ ಅನ್ನುವುದೇ ಗೊತ್ತಿಲ್ಲ. ಅದು ಸುಮ್ನೆ ಒಂದೇ ಮಾತು ಹೇಳುತ್ತಾ ಇರುತ್ತದೆ: ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ.’ ಜಿಪಿಎಸ್ ಉಪಗ್ರಹ ಇರುವುದು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ಸಿಗ್ನಲ್ ಇಲ್ಲಿಗೆ ಬರಲು ಸೆಕೆಂಡಿನ ಹದಿನೈದನೇ ಒಂದು ಭಾಗ, ಹತ್ತಿರ ಹತ್ತಿರ, ಬೇಕು. ಹೊರಟ ಸಮಯ ಗೊತ್ತು, ತಲುಪಿದ ಸಮಯ ಗೊತ್ತು, ಕಳೆದರೆ ದೂರ ಸಿಕ್ಕಿತು. ಕೇಳಲು ಎಷ್ಟು ಸುಲಭ!

ತೊಡಕು ಇರುವುದು ‘ತಲುಪಿದ ಸಮಯ ಗೊತ್ತು’ ಅನ್ನುವ ಮಾತಿನಲ್ಲಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ, ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ, ಸರಿ. ನಿಮ್ಮ ಜೇಬಿನಲ್ಲಿ ಇರುವುದು ಅಕ್ಕಿಕಾಳಿನಷ್ಟು ಸಣ್ಣ ಸ್ಫಟಿಕದ ಗಡಿಯಾರ. ಅದು ದಶಲಕ್ಷಕ್ಕೆ ಒಂದು ಪಾಲು ತಪ್ಪಿದರೂ ಪ್ರತಿ ಸೆಕೆಂಡಿಗೆ 300 ಮೀಟರ್ ತಪ್ಪು ಕೂಡುತ್ತಾ ಹೋಗುತ್ತದೆ. ಅಂಥ ಗಡಿಯಾರ ಇಟ್ಟುಕೊಂಡು ದೂರ ಅಳೆಯುವುದು ಹೇಗೆ?

ಇಲ್ಲಿ ಮಾಡಿರುವ ಉಪಾಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಗಡಿಯಾರದ ತಪ್ಪನ್ನು ಸರಿಮಾಡಲು ಹೋಗಲೇ ಇಲ್ಲ. ಅದನ್ನೂ ‘ಗೊತ್ತಿಲ್ಲದ ಸಂಖ್ಯೆ’ ಅಂತ ಒಪ್ಪಿಕೊಂಡುಬಿಟ್ಟರು. ನಾನಿರುವ ಜಾಗದ ಎಕ್ಸ್, ವೈ, ಝಡ್, ಜೊತೆಗೆ ನನ್ನ ಗಡಿಯಾರದ ತಪ್ಪು. ನಾಲ್ಕು ಗೊತ್ತಿಲ್ಲದ್ದು, ಆದ್ದರಿಂದ ಕಡಿಮೆ ಅಂದರೂ ನಾಲ್ಕು ಉಪಗ್ರಹ. ‘ಮೂರು ವೃತ್ತ ಸೇರುವ ಜಾಗ’ ಅನ್ನುವ ಚಿತ್ರ ಎಲ್ಲ ಕಡೆ ಇದೆ. ಅದನ್ನು ಇವತ್ತೇ ಮರೆತುಬಿಡಿ. ಆ ಚಿತ್ರದಲ್ಲಿ ಗಡಿಯಾರವೇ ಇಲ್ಲ. ನಾವು ಅಳೆಯುವ ದೂರಕ್ಕೆ ‘ಸ್ಯೂಡೋರೇಂಜ್’ ಅನ್ನುತ್ತಾರೆ, ಹುಸಿ ದೂರ. ಹೆಸರಿನಲ್ಲೇ ಪ್ರಾಮಾಣಿಕತೆ ಇದೆ.

ಗಡಿಯಾರದ ಮಾತು ಬಂದಾಗ ಯಾರಾದರೂ ಐನ್‌ಸ್ಟೈನ್ ಹೆಸರು ಎತ್ತಿಯೇ ಎತ್ತುತ್ತಾರೆ. ಎತ್ತಲಿ. ಮೇಲೆ ಗುರುತ್ವ ಕಡಿಮೆ, ಅದರಿಂದ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ವೇಗದಿಂದ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಕೂಡಿ ಕಳೆದರೆ 38 ಮುಂದೆ. ಇದನ್ನು ಬೆಳಕಿನ ವೇಗದಿಂದ ಗುಣಿಸಿ, ‘ಸಾಪೇಕ್ಷತೆ ಇಲ್ಲದಿದ್ದರೆ ದಿನಕ್ಕೆ 11 ಕಿಲೋಮೀಟರ್ ದಾರಿ ತಪ್ಪುತ್ತಿದ್ದಿರಿ’ ಅಂತ ಎಲ್ಲರೂ ಬರೆಯುತ್ತಾರೆ. ಒಂದು ಕ್ಷಣ ನಿಲ್ಲಿ. ಎಲ್ಲ ಉಪಗ್ರಹಗಳೂ ಒಂದೇ ಪ್ರಮಾಣದಲ್ಲಿ ಮುಂದೆ ಓಡಿದರೆ, ನಮ್ಮ ನಾಲ್ಕನೇ ಗೊತ್ತಿಲ್ಲದ ಸಂಖ್ಯೆ ಅದನ್ನು ನುಂಗಿಕೊಳ್ಳುವುದಿಲ್ಲವೇ? ಬಹುಪಾಲು ನುಂಗಿಕೊಳ್ಳುತ್ತದೆ! ಸ್ಥಾನಕ್ಕೆ ನಿಜವಾಗಿ ಪೆಟ್ಟು ಕೊಡುವುದು ಒಂದೊಂದು ಉಪಗ್ರಹಕ್ಕೂ ಬೇರೆ ಬೇರೆಯಾಗುವ ಭಾಗ. ಕಕ್ಷೆ ಪೂರ್ತಿ ದುಂಡಗಿರುವುದಿಲ್ಲ, ಹಾಗಾಗಿ ಒಂದು ಸುತ್ತಿನಲ್ಲೇ ಗಡಿಯಾರ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡುತ್ತದೆ. ಕಕ್ಷೆಯ ಉತ್ಕೇಂದ್ರತೆ, ಅಂದರೆ ದುಂಡಗಿನಿಂದ ಎಷ್ಟು ಜರುಗಿದೆ ಅನ್ನುವ ಅಳತೆ, 0.01 ಇದ್ದರೆ ಇದು ಸುಮಾರು 23 ನ್ಯಾನೋಸೆಕೆಂಡ್, ಅಂದರೆ 7 ಮೀಟರ್. ಈ ತಿದ್ದುಪಡಿಯನ್ನು ನಿಮ್ಮ ಪ್ರೋಗ್ರಾಂ ಮಾಡಬೇಕು. ಆ 38 ಮೈಕ್ರೋಸೆಕೆಂಡಿನ ಚಿಂತೆ ನಿಮಗೆ ಬೇಡ. ಉಪಗ್ರಹ ಹಾರಿಸುವ ಮುಂಚೆಯೇ 10.23 ಮೆಗಾಹರ್ಟ್ಸ್ ಬದಲು 10.22999999543 ಮೆಗಾಹರ್ಟ್ಸ್‌ಗೆ ಗಡಿಯಾರವನ್ನು ಕೂರಿಸಿರುತ್ತಾರೆ. ಮೇಲೆ ಹೋದ ಮೇಲೆ ಅದು ನಮಗೆ 10.23 ಆಗಿ ಕಾಣುತ್ತದೆ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ‘11 ಕಿಲೋಮೀಟರ್’ ಅನ್ನುವುದು ಕೇಳಲು ಚೆನ್ನಾಗಿದೆ. ಸಮೀಕರಣ ಬರೆದು ನೋಡಿದವರಿಗೆ ಮಾತ್ರ ಅದು ಎಲ್ಲಿ ಸೇರಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಇಲ್ಲಿ ನಿಮ್ಮಿಂದ ಸಮೀಕರಣ ಬರೆಸುತ್ತೇವೆ.

ಇತಿಹಾಸ ಬೇಗ ಮುಗಿಸುತ್ತೇನೆ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯಲ್ಲಿ ವಿಲಿಯಂ ಗೈಯರ್, ಜಾರ್ಜ್ ವೈಫೆನ್‌ಬಾಕ್ ಅನ್ನುವ ಇಬ್ಬರು ಅದರ ಬೀಪ್ ಸದ್ದು ಕೇಳುತ್ತಾ ಕೂತರು. ಸದ್ದಿನ ಆವರ್ತನ ಏರಿಳಿಯುವುದನ್ನು ನೋಡಿಯೇ ಕಕ್ಷೆಯನ್ನು ಲೆಕ್ಕ ಹಾಕಿಬಿಟ್ಟರು. ಮುಂದಿನ ವರ್ಷ ಅಲ್ಲಿನ ಫ್ರಾಂಕ್ ಮೆಕ್ಲೂರ್ ಇದನ್ನೇ ತಿರುಗಿಸಿ ಹಾಕಿದರು. ನಾವು ಎಲ್ಲಿದ್ದೇವೆ ಅಂತ ಗೊತ್ತಿದ್ದರೆ ಉಪಗ್ರಹ ಎಲ್ಲಿದೆ ಅಂತ ಹೇಳಬಹುದು, ಹಾಗಾದರೆ ಉಪಗ್ರಹ ಎಲ್ಲಿದೆ ಅಂತ ಗೊತ್ತಿದ್ದರೆ? ಅಲ್ಲಿಂದ ಟ್ರಾನ್ಸಿಟ್ ಅನ್ನುವ ಉಪಗ್ರಹ ನ್ಯಾವಿಗೇಶನ್ ವ್ಯವಸ್ಥೆ ಬಂತು. 1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹೋಯಿತು, 1995ಕ್ಕೆ ವ್ಯವಸ್ಥೆ ಪೂರ್ತಿ ಸಿದ್ಧವಾಯಿತು. ಈಗ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ, ಭಾರತದ ನಾವಿಕ್, ಜಪಾನಿನ ಕ್ಯೂಝಡ್‌ಎಸ್‌ಎಸ್ ಎಲ್ಲವೂ ಇವೆ. ಆದ್ದರಿಂದ ಇಲ್ಲಿ ಎಲ್ಲದಕ್ಕೂ ‘ಜಿಪಿಎಸ್’ ಅನ್ನಬೇಡಿ, ಒಟ್ಟಿಗೆ ಹೇಳುವಾಗ ‘ಜಿಎನ್‌ಎಸ್‌ಎಸ್’ ಅನ್ನಿ. ಮೊದಲ ಎರಡು ದಿನ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪುತ್ತೇನೆ.

ಈಗ ಮೊದಲ ವಾರದ ಕೆಲಸ. ನಿಮಗೆ ಒಂದು ಫೈಲ್ ಕೊಡುತ್ತೇವೆ. ಅದರಲ್ಲಿ ಆಂಟೆನಾ ಹಿಡಿದ ಕಚ್ಚಾ ಸಿಗ್ನಲ್ ಇರುತ್ತದೆ. ತೆರೆದು ಗ್ರಾಫ್ ಹಾಕಿದರೆ ಏನು ಕಾಣುತ್ತದೆ? ಬರೀ ಗದ್ದಲ. ಫೈಲ್ ಹಾಳಾಗಿದೆ ಅಂತ ಪ್ರತಿ ಸಲ ಒಬ್ಬರಾದರೂ ಬಂದು ಹೇಳುತ್ತಾರೆ. ಹಾಳಾಗಿಲ್ಲ. ಜಿಪಿಎಸ್ ಸಿಗ್ನಲ್ ನೆಲ ಮುಟ್ಟುವಾಗ ಅದರ ಶಕ್ತಿ ಎಷ್ಟು ಗೊತ್ತಾ? ಒಂದು ವ್ಯಾಟ್ ಅನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಸಾವಿರ ಪಾಲು ಮಾಡಿದರೆ ಸಿಗುವುದು, ಸುಮಾರು ಅಷ್ಟು. ರಿಸೀವರ್‌ನದೇ ಗದ್ದಲ ಇದಕ್ಕಿಂತ ಹತ್ತಾರು ಪಟ್ಟು ಜಾಸ್ತಿ.

ಹಾಗಾದರೆ ಕೇಳಿಸುವುದು ಹೇಗೆ? ಪ್ರತಿ ಉಪಗ್ರಹಕ್ಕೂ ಅದರದೇ ಒಂದು ಕೋಡ್ ಇದೆ. 1023 ಅಂಕೆಗಳ ಸಾಲು, ಒಂದು ಮಿಲಿಸೆಕೆಂಡಿನಲ್ಲಿ ಮುಗಿದು ಮತ್ತೆ ಮೊದಲಿಂದ ಶುರು. ಆ ಸಾಲು ನಮಗೂ ಗೊತ್ತು. ನಮ್ಮ ಹತ್ತಿರ ಇರುವ ಪ್ರತಿಯನ್ನು ಗದ್ದಲದ ಮೇಲೆ ಇಟ್ಟು ಜರುಗಿಸುತ್ತಾ ಹೋಗಬೇಕು. ಎಲ್ಲಿ ಸರಿಯಾಗಿ ಕೂರುತ್ತದೋ ಅಲ್ಲಿ ಮೊತ್ತ ಥಟ್ಟನೆ ಏಳುತ್ತದೆ. ಜನರ ಗಲಾಟೆ ನಡುವೆ ಯಾರೋ ನಮ್ಮ ಹೆಸರು ಹೇಳಿದರೆ ಕಿವಿ ನಿಮಿರುತ್ತದಲ್ಲ, ಹಾಗೆ. ಉಪಗ್ರಹ ಓಡುತ್ತಿರುವುದರಿಂದ ಆವರ್ತನವೂ ಜರುಗಿರುತ್ತದೆ, ಅದನ್ನೂ ಜೊತೆಯಲ್ಲಿ ಹುಡುಕಬೇಕು. ಸಮತಟ್ಟಾದ ಹುಲ್ಲುಗಾವಲಿನ ಮಧ್ಯೆ ಒಂದೇ ಒಂದು ಚೂಪು ಗೋಪುರ ಎದ್ದಂತೆ ಗ್ರಾಫ್ ಬರುತ್ತದೆ. ಅದು ಬಂದ ಸಂಜೆ ಲ್ಯಾಬ್‌ನಲ್ಲಿ ಆಗುವ ಕೂಗಾಟಕ್ಕೆ ಪಕ್ಕದ ಕೋಣೆಯವರು ದೂರು ಹೇಳಿದ್ದೂ ಇದೆ.

ಆಮೇಲೆ ಸ್ಥಾನದ ಲೆಕ್ಕ. ಇದಕ್ಕೆ ರೈನೆಕ್ಸ್ ಅನ್ನುವ, ರಿಸೀವರ್‌ನ ಅಳತೆಗಳನ್ನು ಬರೆದಿಡುವ ಫೈಲ್ ಬಳಸುತ್ತೇವೆ. ಸಾದಾ ಅಕ್ಷರಗಳ ಫೈಲ್, ಕಣ್ಣಿನಿಂದಲೇ ಓದಬಹುದು. ಆರ್‌ಟಿಕೆಲಿಬ್‌ನಂಥ ಉಚಿತ ಸಾಫ್ಟ್‌ವೇರ್ ಇದೆ, ಫೈಲ್ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ. ಅದನ್ನು ಎರಡನೇ ವಾರದವರೆಗೆ ಮುಟ್ಟಬೇಡಿ. ಈ ವಿಷಯದಲ್ಲಿ ನಾನು ಹಠಮಾರಿ. ಮೊದಲು ನಿಮ್ಮ ಕೈಯಾರೆ ಬರೆದ ಪ್ರೋಗ್ರಾಂ ಒಂದು ಉತ್ತರ ಕೊಡಬೇಕು. ಅದು ತಪ್ಪಿರುತ್ತದೆ. ತಪ್ಪಿರಲೇಬೇಕು, ಯಾಕಂದರೆ ಇಲ್ಲಿ ಒಂದೊಂದು ತಪ್ಪಿಗೂ ಅದರದೇ ಮುಖ ಇದೆ.

ಉತ್ತರ ಹತ್ತಾರು ಕಿಲೋಮೀಟರ್ ಆಚೆ ಬಂತಾ? ಉಪಗ್ರಹದ ಗಡಿಯಾರದ ತಿದ್ದುಪಡಿ ಮರೆತಿದ್ದೀರಿ. ಪರಮಾಣು ಗಡಿಯಾರವೇ ಆದರೂ ಅದನ್ನು ದಿನಾ ಮುಳ್ಳು ತಿರುಗಿಸಿ ಸರಿಮಾಡುವುದಿಲ್ಲ. ಎಷ್ಟು ತಪ್ಪಿದೆ ಅಂತ ಸಂದೇಶದಲ್ಲಿ ಹೇಳಿಬಿಡುತ್ತಾರೆ. ನೂರು ಮೈಕ್ರೋಸೆಕೆಂಡ್ ಅಂದರೆ 30 ಕಿಲೋಮೀಟರ್, ನೆನಪಿರಲಿ.

ಎಲ್ಲ ಸರಿಯಿದ್ದೂ ಪೂರ್ವಕ್ಕೆ ಮೂವತ್ತು ಮೀಟರ್‌ನಷ್ಟು ಜರುಗಿದೆಯಾ? ಇದು ನನಗೆ ಪ್ರಿಯವಾದ ತಪ್ಪು. ಸಿಗ್ನಲ್ ದಾರಿಯಲ್ಲಿದ್ದ ಆ ಸೆಕೆಂಡಿನ ಚೂರಿನಲ್ಲಿ ಭೂಮಿ ತಿರುಗಿದೆ. ಭೂಮಧ್ಯರೇಖೆಯ ಹತ್ತಿರ ನೆಲ ಸೆಕೆಂಡಿಗೆ 465 ಮೀಟರ್ ಓಡುತ್ತದೆ. ನೀವು ಉಪಗ್ರಹದ ಜಾಗವನ್ನು ಹಳೆಯ ಭೂಮಿಯ ಮೇಲೆ ಗುರುತು ಮಾಡಿ, ನಿಮ್ಮನ್ನು ಹೊಸ ಭೂಮಿಯ ಮೇಲೆ ಹುಡುಕುತ್ತಿದ್ದೀರಿ. ಭೂಮಿ ತಿರುಗುತ್ತದೆ ಅಂತ ಎಲ್ಲರೂ ಶಾಲೆಯಲ್ಲಿ ಓದಿರುತ್ತೇವೆ. ಅದು ಮೂವತ್ತು ಮೀಟರ್ ಆಗಿ ನಿಮ್ಮ ಸ್ಕ್ರೀನಿನ ಮೇಲೆ ಬಂದು ಕೂರುವುದನ್ನು ನೋಡುವುದು ಬೇರೆಯೇ ಅನುಭವ.

ಇನ್ನೊಂದು ತೀರಾ ಸಾದಾ ತಪ್ಪು. ರಿಸೀವರ್ ಅಕ್ಷಾಂಶವನ್ನು 4530.0000 ಅಂತ ಬರೆದಿರುತ್ತದೆ. ಅದರ ಅರ್ಥ 45 ಡಿಗ್ರಿ, 30 ನಿಮಿಷ. ಅಂದರೆ ನಲವತ್ತೈದೂವರೆ ಡಿಗ್ರಿ. ನೂರರಿಂದ ಭಾಗಿಸಿ 45.30 ಅಂದುಕೊಂಡರೆ 0.2 ಡಿಗ್ರಿ ಹೋಯಿತು, 22 ಕಿಲೋಮೀಟರ್ ದಕ್ಷಿಣಕ್ಕೆ ಬಿದ್ದಿರಿ. ನಾನು ಕಲಿಯುವ ಕಾಲದಲ್ಲಿ ಇದನ್ನೇ ಮಾಡಿ, ಒಂದು ಇಡೀ ರಾತ್ರಿ ಕಕ್ಷೆಯ ಸೂತ್ರಗಳಲ್ಲಿ ತಪ್ಪು ಹುಡುಕಿದ್ದೆ. ಸೂತ್ರಗಳೆಲ್ಲ ಸರಿಯಾಗಿದ್ದವು. ಬೆಳಿಗ್ಗೆ ನೋಡಿದರೆ, ಒಂದು ಭಾಗಾಕಾರ!

ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತೀರಿ. ಮೊದಲ ಊಹೆಯಾಗಿ ಭೂಮಿಯ ಕೇಂದ್ರವನ್ನೇ ಕೊಡಿ, ಸೊನ್ನೆ, ಸೊನ್ನೆ, ಸೊನ್ನೆ. ಲೀಸ್ಟ್ ಸ್ಕ್ವೇರ್ಸ್ ಲೆಕ್ಕ, ಅಂದರೆ ಎಲ್ಲ ಅಳತೆಗಳಿಗೂ ಆದಷ್ಟು ಹೊಂದುವ ಉತ್ತರ ಹುಡುಕುವ ವಿಧಾನ, ಐದಾರು ಸುತ್ತಿನಲ್ಲಿ ನಿಮ್ಮನ್ನು ಭೂಮಿಯ ಹೊಟ್ಟೆಯಿಂದ ಎತ್ತಿ ಟೆರೇಸ್ ಮೇಲೆ ತಂದು ನಿಲ್ಲಿಸುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ತಪ್ಪು ಗಾಳಿಯದ್ದು, ಗೋಡೆಯದ್ದು. ಮೇಲೆ ಅಯಾನುಗೋಳ ಇದೆ, ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರುವ ಪದರ. ಅದು ಸಿಗ್ನಲ್ ಅನ್ನು ರಾತ್ರಿ ಕೆಲವೇ ಮೀಟರ್‌ನಷ್ಟು, ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹತ್ತಾರು ಮೀಟರ್‌ವರೆಗೂ ತಡಮಾಡಬಹುದು. ಪುಣ್ಯಕ್ಕೆ ಈ ತಡ ಆವರ್ತನದ ಮೇಲೆ ನಿಂತಿದೆ. ಎರಡು ಆವರ್ತನದಲ್ಲಿ ಅಳೆದರೆ ಹೆಚ್ಚುಕಮ್ಮಿ ಪೂರ್ತಿ ಕಳೆದುಬಿಡಬಹುದು. ಅದರ ಕೆಳಗಿನ, ಮಳೆ ಮೋಡಗಳಿರುವ ಪದರ ನೆತ್ತಿಯ ಮೇಲಿನ ಉಪಗ್ರಹಕ್ಕೆ ಎರಡೂಕಾಲು ಎರಡೂವರೆ ಮೀಟರ್ ತಡ ಕೊಡುತ್ತದೆ, ದಿಗಂತದ ಹತ್ತಿರದ ಉಪಗ್ರಹಕ್ಕೆ ಅದರ ಹತ್ತು ಪಟ್ಟು. ಹಾಗಾಗಿ ತೀರಾ ಕೆಳಗಿರುವ ಉಪಗ್ರಹಗಳನ್ನು ಕೈಬಿಡುತ್ತೇವೆ. ಗೋಡೆಗೆ ಬಡಿದು ಸುತ್ತಿ ಬಳಸಿ ಬರುವ ಸಿಗ್ನಲ್‌ಗೆ ಮಾತ್ರ ಸೂತ್ರ ಇಲ್ಲ. ಒಳ್ಳೆಯ ಜಾಗ ಹುಡುಕುವುದೇ ಅದಕ್ಕೆ ಮದ್ದು.

ಎತ್ತರದ ಬಗ್ಗೆ ಒಂದು ಮಾತು. ಅಕ್ಷಾಂಶ ರೇಖಾಂಶಕ್ಕಿಂತ ಎತ್ತರದಲ್ಲಿ ತಪ್ಪು ಜಾಸ್ತಿ ಬರುತ್ತದೆ. ಎಡಕ್ಕೂ ಬಲಕ್ಕೂ ಉಪಗ್ರಹಗಳಿವೆ, ಒಂದರ ತಪ್ಪು ಇನ್ನೊಂದನ್ನು ಎಳೆದು ಹಿಡಿಯುತ್ತದೆ. ಮೇಲೆ ಇವೆ, ಕೆಳಗೆ? ಕಾಲಡಿಯ ಉಪಗ್ರಹ ಭೂಮಿಯ ಆಚೆ ಇದೆ, ಕಾಣುವುದಿಲ್ಲ. ಇನ್ನೊಂದು, ರಿಸೀವರ್ ಲೆಕ್ಕ ಹಾಕುವ ಎತ್ತರ ಸಮುದ್ರಮಟ್ಟದಿಂದ ಅಲ್ಲ, ಭೂಮಿಗೆ ನಾವು ಕೊಟ್ಟಿರುವ ಒಂದು ನುಣುಪಾದ ಗಣಿತದ ಆಕಾರದಿಂದ. ನಿಜವಾದ ಸಮುದ್ರಮಟ್ಟ ಅದರ ಮೇಲೆ ಕೆಳಗೆ ಏರಿಳಿಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸುಮಾರು 106 ಮೀಟರ್ ಕೆಳಗಿದೆ. ಅಲ್ಲಿ ಹಡಗಿನ ಡೆಕ್ ಮೇಲೆ ಆರಾಮವಾಗಿ ನಿಂತವನಿಗೂ ಕಚ್ಚಾ ಲೆಕ್ಕ ‘ನೀನು ಮೈನಸ್ ನೂರರಲ್ಲಿದ್ದೀಯ’ ಅನ್ನುತ್ತದೆ. ಯಾವ ಎತ್ತರ ಅಂತ ಬರೆಯದ ಎತ್ತರವನ್ನು ನನ್ನ ಹತ್ತಿರ ತರಬೇಡಿ.

ಅಂಕೆಗಳ ವಿಷಯವೂ ಅಷ್ಟೇ. ಅಕ್ಷಾಂಶದಲ್ಲಿ ದಶಮಾಂಶದ ಆರನೇ ಸ್ಥಾನ ಅಂದರೆ 11 ಸೆಂಟಿಮೀಟರ್. ಎಂಟನೇ ಸ್ಥಾನ ಒಂದು ಮಿಲಿಮೀಟರ್. ಕೆಲವು ಫೋನ್ ಆ್ಯಪ್‌ಗಳು ಎಂಟು ಸ್ಥಾನ ತೋರಿಸುತ್ತವೆ, ಸ್ವತಃ ಐದು ಮೀಟರ್ ಆಚೀಚೆ ಇರುವಾಗಲೂ. ತೋರಿಸಲು ದುಡ್ಡು ಕೊಡಬೇಕಾಗಿಲ್ಲವಲ್ಲ.

ನಿಮ್ಮಲ್ಲಿ ಅರ್ಧ ಜನ ಅರ್ಜಿಯಲ್ಲಿ ‘ಆರ್‌ಟಿಕೆ ಕಲಿಯಬೇಕು’ ಅಂತ ಬರೆದಿದ್ದೀರಿ. ಅದು ಸೆಂಟಿಮೀಟರ್ ಮಟ್ಟದಲ್ಲಿ ಸ್ಥಾನ ಹೇಳುವ ವಿಧಾನ. ಕಲಿಸುತ್ತೇವೆ, ಎರಡನೇ ವಾರ. ಕೋಡ್ ಬದಲು ಅಲೆಯನ್ನೇ ಅಳೆಯುವುದು ಅದರ ಗುಟ್ಟು. ಅಲೆಯ ಉದ್ದ 19 ಸೆಂಟಿಮೀಟರ್, ಅದರ ನೂರನೇ ಒಂದು ಪಾಲನ್ನು ಅಳೆದರೂ ಎರಡು ಮಿಲಿಮೀಟರ್. ಆದರೆ ನಡುವೆ ಒಟ್ಟು ಎಷ್ಟು ಅಲೆಗಳಿವೆ ಅಂತ ಯಾರೂ ಹೇಳುವುದಿಲ್ಲ, ಆ ಪೂರ್ಣಾಂಕವನ್ನು ಹುಡುಕಬೇಕು. ಹತ್ತಿರದಲ್ಲೇ ಸ್ಥಾನ ಗೊತ್ತಿರುವ ಇನ್ನೊಂದು ರಿಸೀವರ್ ಬೇಕು. ಪೂರ್ಣಾಂಕ ತಪ್ಪಿದರೆ ಉಪಕರಣ ಅಷ್ಟೇ ಧೈರ್ಯವಾಗಿ ತಪ್ಪು ಜಾಗ ತೋರಿಸುತ್ತದೆ. ಮೊದಲ ವಾರ ಕಷ್ಟಪಟ್ಟವರು ಅದನ್ನು ಹಿಡಿಯುತ್ತಾರೆ.

ವ್ಯವಸ್ಥೆಯೇ ತಪ್ಪಿದರೆ? ತಪ್ಪಿದೆ. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ, ಸಮಯದ ಸಂದೇಶದಲ್ಲಿ 13 ಮೈಕ್ರೋಸೆಕೆಂಡ್ ತಪ್ಪು ಸೇರಿಕೊಂಡಿತು. ಮ್ಯಾಪ್ ನೋಡುವವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಸಮಯಕ್ಕಾಗಿ ಜಿಪಿಎಸ್ ನಂಬಿದ್ದ ಟೆಲಿಕಾಂ ಉಪಕರಣಗಳು ಹಲವು ಕಡೆ ಗಂಟೆಗಟ್ಟಲೆ ಎಚ್ಚರಿಕೆ ಹೊಡೆದವು. 2019ರ ಜುಲೈನಲ್ಲಿ ಗೆಲಿಲಿಯೊ ಸೇವೆ ಸುಮಾರು ಒಂದು ವಾರ ನಿಂತಿತ್ತು. ಇನ್ನು ಬೇಕೆಂದೇ ಸಿಗ್ನಲ್ ಕೆಡಿಸುವವರು, ನಕಲಿ ಸಿಗ್ನಲ್ ಹಾಕುವವರು ಇದ್ದಾರೆ. ಅದರ ಪ್ರಯೋಗ ಲ್ಯಾಬ್‌ನಲ್ಲಿ ಮಾಡುತ್ತೇವೆ, ಆದರೆ ಕೇಬಲ್ ಒಳಗೆ ಮಾತ್ರ. ಆಂಟೆನಾದಿಂದ ಹೊರಗೆ ಒಂದು ಚೂರೂ ಬಿಡಬಾರದು. ಅಷ್ಟು ಕ್ಷೀಣ ಸಿಗ್ನಲ್ ಅಂತ ಆಗಲೇ ಹೇಳಿದೆನಲ್ಲ, ನಿಮ್ಮ ತಮಾಷೆ ಮೇಲೆ ಹಾರುವ ವಿಮಾನಕ್ಕೂ ತಾಗಬಹುದು.

ಪ್ರಶ್ನೆಗಳಿವೆಯಾ? ಹಾಂ, ಹಿಂದೆ ಕೂತವರು ಕೇಳಿ.

‘ಸರ್, ಉತ್ತರ ಸರಿ ಇದೆಯೋ ಇಲ್ಲವೋ ಅಂತ ರಿಸೀವರ್‌ಗೆ ಹೇಗೆ ಗೊತ್ತಾಗುತ್ತದೆ? ಅದರ ಹತ್ತಿರ ಸರಿ ಉತ್ತರ ಇಲ್ಲವಲ್ಲ.’

ಒಳ್ಳೆಯ ಪ್ರಶ್ನೆ. ನಾಲ್ಕೇ ಉಪಗ್ರಹ ಇದ್ದರೆ ಗೊತ್ತಾಗುವುದಿಲ್ಲ. ನಾಲ್ಕು ಸಮೀಕರಣ, ನಾಲ್ಕು ಗೊತ್ತಿಲ್ಲದ್ದು, ಒಂದು ಉಪಗ್ರಹ ಸುಳ್ಳು ಹೇಳಿದರೂ ಲೆಕ್ಕ ನೀಟಾಗಿ ಕೂರುತ್ತದೆ. ಐದನೆಯದು ಬಂದಾಗ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಆರನೆಯದು ಬಂದರೆ ಕಳ್ಳನನ್ನೂ ಹಿಡಿಯಬಹುದು. ವಿಮಾನಗಳಲ್ಲಿ ಇದೇ ಲೆಕ್ಕ ನಡೆಯುತ್ತದೆ.

ಸರಿ, ನನ್ನ 45 ನಿಮಿಷ ಆಯಿತು. ಮೇಲೆ ಹೋಗೋಣ ಬನ್ನಿ.

*

ಮೇಲೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಎರಡು ಸಾವಿರದ ಎಂಟುನೂರಕ್ಕೂ ಜಾಸ್ತಿ ಚುಕ್ಕೆಗಳು ಬಿದ್ದಿದ್ದವು. ನನ್ನ ಮಾತು ಸ್ವಲ್ಪ ಉದ್ದವಾಗಿತ್ತು. ದುಂಡಗಿನ ಗುಂಪು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಪೂರ್ವ ಪಶ್ಚಿಮಕ್ಕೆ ಎಳೆದ ಮೊಟ್ಟೆ. ಯಾಕೆ ಅಂತ ಕೇಳಿದೆ. ಒಬ್ಬ ಅಯಾನುಗೋಳ ಅಂದ, ಇನ್ನೊಬ್ಬಳು ಭೂಮಿ ತಿರುಗುವುದು ಅಂದಳು. ಆಮೇಲೆ ಹಿಂದೆ ಕೂತು ಪ್ರಶ್ನೆ ಕೇಳಿದ್ದ ಹುಡುಗ ಸ್ಕ್ರೀನ್ ಬಿಟ್ಟು ತಲೆ ಎತ್ತಿ ನೋಡಿದ. ಆಂಟೆನಾದ ಪೂರ್ವಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಮೆಟ್ಟಿಲ ಕೋಣೆಯ ಗೋಡೆ ನಿಂತಿತ್ತು. ಆ ಕಡೆಯ ಅರ್ಧ ಆಕಾಶವನ್ನು ಅದು ಮುಚ್ಚಿತ್ತು. ಪೂರ್ವದಿಂದ ಎಳೆದು ಹಿಡಿಯುವ ಉಪಗ್ರಹ ಕಡಿಮೆ, ಮೊಟ್ಟೆ ಆ ಕಡೆಗೇ ಉದ್ದ.

‘ಸರ್, ಇದನ್ನು ಇಲ್ಲಿ ಇಟ್ಟಿದ್ದು ನೀವು’ ಅಂದ.

ಹೌದು, ನಾನೇ. ಬಿಸಿಲು ತಪ್ಪಿಸಲು ಲ್ಯಾಪ್‌ಟಾಪ್ ಅನ್ನು ಗೋಡೆಯ ನೆರಳಿನಲ್ಲಿ ಇಟ್ಟಿದ್ದೆ, ಕೇಬಲ್ ಗಿಡ್ಡ. ಅವನೇ ಆಂಟೆನಾ ಎತ್ತಿಕೊಂಡು ಟೆರೇಸ್ ಮಧ್ಯಕ್ಕೆ ಹೋದ, ಇನ್ನಿಬ್ಬರು ಲ್ಯಾಪ್‌ಟಾಪ್ ಮೇಲೆ ನೋಟ್‌ಬುಕ್ ಹಿಡಿದು ನೆರಳು ಮಾಡಿದರು. ಹೊಸ ಫೈಲ್ ಶುರುವಾಯಿತು.